ಒಂದು ಮುದ್ದೆ ಉಳಿದರೆ

ನಲವತ್ತೆರಡು ಹುಡುಗರು, ನಲವತ್ತೆರಡು ಮುದ್ದೆ.
ಹಾಸನದ ಸಾಲಗಾಮೆ ರಸ್ತೆಯ ಈ ಹಾಸ್ಟೆಲಿನಲ್ಲಿ
ಹನ್ನೊಂದು ವರ್ಷದಿಂದ ನನ್ನ ಗಣಿತ ಇಷ್ಟೇ.
ನೀರು ಹಚ್ಚಿಕೊಂಡು ಕಟ್ಟುತ್ತೇನೆ,
ಕುಕ್ಕೆಯಲ್ಲಿ ಸಾಲಾಗಿ ಇಡುತ್ತೇನೆ,
ಎಣಿಸುವುದು ಕಣ್ಣಲ್ಲ, ಅಂಗೈ.

ಪುಷ್ಯದ ಚಳಿ. ಸೋಮವಾರ ಒಂದು ಉಳಿಯಿತು.
ಊರಿಗೆ ಹೋಗಿರಬೇಕು ಯಾವನೋ, ಅಂದುಕೊಂಡೆ.
ಮಂಗಳವಾರ ಉಳಿದದ್ದನ್ನು ಹಿತ್ತಲ ನಾಯಿಗೆ ಹಾಕಿದೆ.
ಬುಧವಾರ ನಾಯಿ ಮೊದಲೇ ಬಂದು ಕೂತಿತ್ತು.
ಆಗ ಹೊಟ್ಟೆಯೊಳಗೆ ಚುಳ್ ಅಂದಿತು.

ಯಾರ್ರೋ ಅದು, ಉಣ್ಣದವನು?
ಹೊನ್ನೇಶ, ಅಕ್ಕ. ಹದಿನೇಳನೇ ರೂಮು. ಅರಕಲಗೂಡಿನ ಕಡೆಯವನು.
ನಾಟಕ ಆಡ್ತಾನೆ, ಅಂದ ಒಬ್ಬ.
ಲವ್ ಫೇಲು, ಅಂದ ಶಿವಾಜಿ ನಾಯ್ಕ. ಎಲ್ಲ ನಕ್ಕರು.
ಗಾಳಿ ಸೋಕಿದೆ, ತಾಯತ ಕಟ್ಟಿಸಿ ಅಂದರು ವಾಚ್‌ಮನ್ ಜವರಪ್ಪ.
ಹಾಜರಿ ಪುಸ್ತಕದಲ್ಲಿ ವಾರ್ಡನ್ನರ ಕೆಂಪು ಇಂಕು: ಗೈರು.

ಮನೆಯೊಳಗೇ ಇದ್ದೂ ಗೈರಾಗುವುದು ನನಗೆ ಗೊತ್ತು.
ಎರಡನೇ ಹೆರಿಗೆ ಆದ ಮೇಲೆ ಆರು ತಿಂಗಳು
ಒಲೆ ಮುಂದೆ ಕೂತಿರುತ್ತಿದ್ದೆ, ಬೆಂಕಿ ಆರಿದ್ದೂ ತಿಳಿಯದೆ.
ಮಗು ಅತ್ತರೆ
ಪಕ್ಕದ ಬೀದಿಯಲ್ಲಿ ಯಾರದೋ ಮಗು ಅತ್ತ ಹಾಗೆ.
ಮೈಗಳ್ಳಿ ಎಂದಳು ಅತ್ತೆ.
ಗಂಡ ಏನೂ ಅನ್ನಲಿಲ್ಲ, ಅದು ಇನ್ನೂ ಭಾರ.
ಹಿಂದಿನ ಮನೆಯ ನೂರ್‌ಜಾನ್ ಮಾತ್ರ
ದಿನಾ ಸಂಜೆ ಬಂದು, ಏನನ್ನೂ ಕೇಳದೆ,
ಸಿಕ್ಕುಗಟ್ಟಿದ ನನ್ನ ತಲೆ ಬಾಚಿ ಹೋಗುತ್ತಿದ್ದಳು.
ಅವಳ ಬಾಚಣಿಗೆಗೆ ಎರಡು ಹಲ್ಲು ಇರಲಿಲ್ಲ.

ಗುರುವಾರ, ನೆನೆಹಾಕಿದ ಅವರೆಕಾಳಿನ ಬೋಸಿ ಸೊಂಟಕ್ಕಿಟ್ಟು
ಮಂಡಿ ಹಿಡಿದು ಮೆಟ್ಟಿಲು ಹತ್ತಿದೆ.
ಹದಿನೇಳರ ಬಾಗಿಲು ಅರ್ಧ ತೆರೆದಿತ್ತು.
ಗೋಡೆಗೆ ಮುಖ, ಕಂಬಳಿಯ ಆಚೆ ಒಂದು ಪಾದ.
ಎದ್ದೇಳು ಅನ್ನಲಿಲ್ಲ. ಧೈರ್ಯ ತಂದ್ಕೋ ಅನ್ನಲಿಲ್ಲ,
ಅಂಗಡಿಯಲ್ಲಿ ಸಿಗುವ ಸಾಮಾನೇ ಅದು?
ಹೊಸ್ತಿಲ ಮೇಲೆ ಕೂತು ಹಿತುಕತೊಡಗಿದೆ.
ಪಿಚ್. ಪಿಚ್. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.
ಶುಕ್ರವಾರವೂ ಅಷ್ಟೇ.
ಶನಿವಾರ, ನಾನು ತಲೆ ತಗ್ಗಿಸಿದ್ದಾಗ,
ಬೋಸಿಯೊಳಗೆ ಇನ್ನೊಂದು ಕೈ ಬಂತು.

ತುಂಬ ಹೊತ್ತಿನ ಮೇಲೆ:
‘ಹಲ್ಲುಜ್ಜೋಕೂ ಆಗ್ತಿಲ್ಲ ಅಕ್ಕ.
ಬ್ರಷ್ಷು ಅಷ್ಟು ದೂರ ಕಾಣ್ಸುತ್ತೆ.’
ಮತ್ತೆ, ಬೇಳೆಗೆ ಹೇಳಿದ ಹಾಗೆ:
‘ಇರೋದೇ ಬೇಡ ಅನ್ಸುತ್ತೆ, ಒಂದೊಂದ್ಸಲ.’
ನಾನು ಕೈ ನಿಲ್ಲಿಸಲಿಲ್ಲ.
ನಿಲ್ಲಿಸಿದ್ದರೆ ಅವನೂ ನಿಲ್ಲಿಸುತ್ತಿದ್ದ.
ಅವತ್ತು ರಾತ್ರಿ ಅವನೊಬ್ಬನನ್ನೇ ಬಿಡಲಿಲ್ಲ.
ನಗಿಸಿದ್ದ ಶಿವಾಜಿಯೇ ಹಾಸಿಗೆ ಸುತ್ತಿಕೊಂಡು ಬಂದ,
ಯಾರ ಮುಖವನ್ನೂ ನೋಡದೆ.

ಸೋಮವಾರ ಇಮ್ತಿಯಾಜನ ಸ್ಕೂಟರಿನಲ್ಲಿ ಅವನು,
ಹಿಂದೆ ಸಿಟಿ ಬಸ್ಸಿನಲ್ಲಿ ನಾನು, ದೊಡ್ಡಾಸ್ಪತ್ರೆಗೆ.
ಚೀಟಿ ಸಾಲಿನಲ್ಲಿ ಎಲ್ಲರಂತೆ ನಿಂತೆವು,
ಕೈ ಮುರಿದವರ ಹಿಂದೆ, ಕೆಮ್ಮುವವರ ಮುಂದೆ.
ಡಾಕ್ಟರಮ್ಮ ಮಾರ್ಕ್ಸು ಕೇಳಲಿಲ್ಲ,
‘ನಿದ್ದೆ ಬರುತ್ತಾ ಮಗಾ?’ ಅಂದರು.
ಖಿನ್ನತೆ. ಆ ಪದ ನನ್ನ ಬಾಯಿಗೆ ಹೊಸದು,
ಅದರ ಮುಖ ನೋಡಿದ್ದೆ.

ರಜಾ ಅರ್ಜಿ. ಕಾರಣ ಎಂಬಲ್ಲಿ ಜ್ವರ ಅಂತ ಬರಿ,
ಜ್ವರಕ್ಕೆ ಯಾರೂ ಪ್ರಶ್ನೆ ಕೇಳಲ್ಲ, ಅಂದರು ಹುಡುಗರು.
ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದವನು ಬರೆದ:
ಮನಸ್ಸಿಗೆ ಹುಷಾರಿಲ್ಲ.
ವಾರ್ಡನ್ನರು ಎರಡು ಸಲ ಓದಿದರು.
‘ನನ್ನ ಮಗಳೂ...’ ಅಂದು, ಅಲ್ಲಿಗೇ ಬಿಟ್ಟು,
ಸಹಿ ಹಾಕಿದರು.

ಪೂರ್ತಿ ಸರಿಹೋದ ಅಂತ ಸುಳ್ಳು ಹೇಳಲಾರೆ.
ಒಂದೊಂದು ದಿನ ಇನ್ನೂ ಅರ್ಧ ಮುದ್ದೆ ಬಿಟ್ಟೇಳುತ್ತಾನೆ.
ಮಾತ್ರೆ ಹೊತ್ತಿಗೆ ಯಾವನಾದರೂ ನೀರಿನ ಲೋಟ ಹಿಡಿದಿರುತ್ತಾನೆ,
ಬಯ್ಯುತ್ತಲೇ.
ಹಿತ್ತಲ ನಾಯಿ ನನ್ನ ಮೇಲೆ ಮುನಿಸಿಕೊಂಡಿದೆ.

ನೆನ್ನೆ ರಾತ್ರಿ, ನಾನಿನ್ನೂ ಕುಕ್ಕೆ ನೋಡಿರಲಿಲ್ಲ,
ಹೊನ್ನೇಶ ತಟ್ಟೆ ತೊಳೆದಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತ:
‘ಅಕ್ಕ, ಒಂಬತ್ತನೇ ರೂಮಿನ ಹೊಸ ಹುಡುಗ
ಇವತ್ತು ಊಟಕ್ಕೆ ಬಂದಿಲ್ಲ.
ಅವರೆಕಾಳು ನೆನೆ ಹಾಕಿದ್ದೀರಾ?’