ಸನ್ಮಾನಪತ್ರ

ಪೆರ್ಲದ ಸಭಾಭವನದಲ್ಲಿ
ಪತ್ರ ಓದುತ್ತಿದ್ದವನು ನಾನು, ಬರೆದವನೂ ನಾನೇ.
'ಸೇವೆಯ ಸಾಕಾರಮೂರ್ತಿ' ಎಂಬಲ್ಲಿ ಕಣ್ಣೆತ್ತಿದರೆ
ಕುರ್ಚಿಯಲ್ಲಿ ಶಾಲು ಮಾತ್ರ.

ನಾಲ್ಕು ಗಂಟೆ.
ಚನಿಯಪ್ಪನನ್ನು ಎಡ ಮಗ್ಗುಲಿಗೆ ಹೊರಳಿಸುವ ಹೊತ್ತು;
ತಪ್ಪಿದರೆ ಬೆನ್ನಿನ ಹುಣ್ಣು ಮತ್ತೆ ಬಾಯಿ ಬಿಡುತ್ತದೆ.
ನನ್ನ ಒಂಬತ್ತು ವಿಶೇಷಣಗಳಲ್ಲಿ ಅದಿರಲಿಲ್ಲ.
ಉಳಿದೆರಡು ಪ್ಯಾರಾ ಶಾಲಿಗೇ ಓದಿದೆ.
ಮಲಯಾಳದಲ್ಲಿ ಒಬ್ಬರು, ಕನ್ನಡದಲ್ಲಿ ಮೂವರು
ಶಾಲನ್ನೇ ಹೊಗಳಿ ಚಾ ಕುಡಿಯಲು ಹೋದರು.

ಆರಕ್ಕೆ, ಇನ್ನೊಂದು ಮಗ್ಗುಲಿನ ಹೊತ್ತಿಗೆ,
ಗಾಜಿನ ಚೌಕಟ್ಟು, ಹಣ್ಣಿನ ಬುಟ್ಟಿ ಹಿಡಿದು
ಏದುಸಿರಲ್ಲಿ ಗುಡ್ಡ ಹತ್ತಿದೆ.
ಕಾರ್ತ್ಯಾಯಿನಿ ತಿರುಗಿ ನೋಡದೆ ಅಂದಳು:
"ಬಂದದ್ದು ಒಳ್ಳೆದಾಯ್ತು ಮಾಷ್ಟ್ರೆ,
ಅದನ್ನು ಅಲ್ಲೆಲ್ಲಾದರೂ ಇಟ್ಟು
ಈ ಭುಜ ಹಿಡಿಯಿರಿ.
ಹಾಗಲ್ಲ.
ಕೆಳಗಿಂದ."