ದೂರಿನ ಪುಸ್ತಕ

ಏಳು ಮಹಡಿ ದವಾಖಾನಿಗೆ ನಾನು ಎಂಜಿನಿಯರ,
ಕೊರಳಾಗಿನ ಕಾರ್ಡಿನ ಮ್ಯಾಲೆ ಹಂಗ ಬರದಾರ.
ಸಿಸ್ಟರ್‌ಗಳಿಗೆ ನಾನು ನೀರಿನ ಅಣ್ಣ.
ಲಿಫ್ಟ್ ನಿಂತ ದಿನ ಅದೂ ಇಲ್ಲ,
ಬರೇ "ಏ, ಎಲ್ಲಿ ಹ್ವಾದಿ?"

ನೆಲಮಾಳಿಗ್ಯಾಗ ಮೂರು ಪಂಪು. ನಡುವಿನದು ಹಟಮಾರಿ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ ಹಚ್ಚಿ
ಹಿಡಿಕಿ ಕಿವಿಗೆ ಒತ್ತಿಕೊಂಡು ನಿಂತ್ರ
ಒಳಗ ಯಾರೋ ಜ್ವಾಳಾ ಬೀಸಿದಂಗ ಕೇಳಬೇಕು.
ಹಳ್ಳು ಬೀಸಿದಂಗ ಕೇಳಿದ್ರ ಇನ್ನ ಹದಿನೈದು ದಿನ, ಅಷ್ಟ.
ಇದು ಡಿಪ್ಲೊಮಾದಾಗ ಇರಲಿಲ್ಲ,
ಕಲಿಸಿದವರು ಲಾಡ್ಲೇಸಾಬ ಇಂಡಿಕರ, ಫಿಟ್ಟರ್,
ಏಳನೇತ್ತ ಫೇಲ್.

ಒಂದು ರವಿವಾರ ಅವರು ಗಾಡಿ ಮ್ಯಾಲೆ ಕರಕೊಂಡು ಹೋಗಿ
ಸಂದಿಯೊಳಗಿನ ಕಲ್ಲಿನ ಗಂಜ್ ಮುಂದ ನಿಲ್ಲಿಸಿದ್ರು.
ಬುಡಕ್ಕ ಒಂದು ಆಡು ಕಟ್ಟಿತ್ತು.
"ಬಾದಶಹಾರ ಕಾಲದ್ದು. ಕೆರಿಯಿಂದ ಮಣ್ಣಿನ ಕೊಳವ್ಯಾಗ ಓಡಿ ಬಂದ ನೀರು
ಇಲ್ಲಿ ಏರಿ, ಉಸಿರು ಬಿಟ್ಟು, ಇಳೀತಿತ್ತು.
ಓಡೋ ನೀರಿಗೆ ಒಮ್ಮಿಗೇ ನಿಲ್ಲು ಅನಬಾರದಪ,
ಹೊಡೀತೈತಿ."

ನೆನಪಾದದ್ದು ನಾಲ್ಕನೂರಾ ಹನ್ನೆರಡರ ದೂರು ಬಂದಾಗ:
ರಾತ್ರಿ ಮೂರಕ್ಕ ಯಾರೋ ಗ್ವಾಡಿ ಬಡೀತಾರ.
ಮಂಚದ ಮ್ಯಾಲೆ ಗುರುಬಸವ್ವ ಕೊಲ್ಹಾರ,
ತೊಡಿ ಎಲುವಿಗೆ ರಾಡು ಹಾಕಿದ್ರು.
"ಯಾರೂ ಅಲ್ಲ ಯವ್ವಾ, ಟ್ಯಾಂಕ್ ತುಂಬಿ ಪಂಪ್ ನಿಂತಾಗ
ಏರೋ ನೀರು ಹೊಳ್ಳಿ ಬಂದು ವಾಲ್ವಿಗೆ ತಲಿ ಬಡಕೊಂತೈತಿ" ಅಂದೆ.
"ಪಾಪ" ಅಂದಳು.
ನೀರಿಗೋ, ನನಗೋ.

ಶಾಫ್ಟಿನಾಗ ಮೊಣಕೈ ಮಡಚಾಕ ಜಾಗಿಲ್ಲ.
ಜಿರಲಿ. ಸವಳು ನೀರಿಗೆ ಸುಣ್ಣ ಕಟ್ಟಿ ಬೆಳ್ಳಗಾದ ಜಾಯಿಂಟು.
ಕಟ್ಟೋ ಕಾಲಕ್ಕ ಯಾವನೋ ಬಿಟ್ಟುಹೋದ ಒಂದೇ ಚಪ್ಪಲ್.
ಎರಡು ರಾತ್ರಿ. ಹಳೇ ವಾಲ್ವ್ ಬಿಚ್ಚಿ ಸ್ಪ್ರಿಂಗಿಂದು ಕೂಡಿಸಿದೆ.
ಮೂರಕ್ಕ ಪಂಪ್ ನಿಂತಿತು. ಸಪ್ಪಳಿಲ್ಲ.
ಪುಸ್ತಕದಾಗ ಬರದೆ, ಸಹಿ ಸ್ವಲ್ಪ ದಪ್ಪನ ಮಾಡಿದೆ.

ಮರುರಾತ್ರಿ ಸಿಸ್ಟರ್ ಪ್ರಫುಲ್ಲಾನ ಫೋನು:
"ಅಣ್ಣಾ, ಆಯಿ ಮಲಗವಲ್ಲಳು.
ಬಡಿಯವರು ಯಾಕ ಬರಲಿಲ್ಲ ಅಂತ ಕುಂತಾಳ."

ಇದಕ್ಕ ಯಾವ ಸ್ಪೇರ್ ತರಸ್ಲಿ?
ಸೋಲಾಪುರದಾಗೂ ಸಿಗೂದಿಲ್ಲ.

ಹನ್ನೆರಡು ವರ್ಷ ಸಪ್ಪಳ ಹುಡುಕಿ ಹುಡುಕಿ ಕೊಂದಾವ
ಪಾನಾ ಹಿಡಕೊಂಡು ಶಾಫ್ಟಿನಾಗ ತೂರಿದೆ.
ನಾಲ್ಕನೇ ಮಹಡಿ, ಎಡಗಡೆ ಪೈಪು.
ಮೆಲ್ಲಕ, ಪೇಂಟ್ ಏಳದಂಗ,
ಟಣ್. ಟಣ್.
ಕಾದೆ.
ಎಲ್ಲೋ ಯಾರೋ ಫ್ಲಶ್ ಒತ್ತಿದ್ರು, ನೀರು ನನ್ನ ಕಿವಿ ಪಕ್ಕ ಇಳದು ಹ್ವಾತು.
ಆಮ್ಯಾಲೆ ಗ್ವಾಡಿ ಆಕಡಿಂದ,
ಬಳಿದೋ, ಚಮಚೆದೋ,
ಒಂದು.

ಶುಕ್ರವಾರ ವಾಕರ್ ಹಿಡಕೊಂಡು ಮನಿಗೆ ಹ್ವಾದಳಂತ.
ನಾ ನೋಡಲಿಲ್ಲ,
ಆ ಹೊತ್ತಿಗೆ ಕ್ಯಾಂಟೀನಿನ ಗಟಾರಿನಾಗ
ಮೊಣಕಾಲಮಟ ಇದ್ದೆ.