ಮೂರನೇ ಸಲ

ಇದು ಮೂರನೇ ಸಲ.
ಮೊದಲ ಸಲ ಭಾನುವಾರದ ಬಟ್ಟೆ ಹಾಕಿಕೊಂಡು ಬಂದಿದ್ದೆ.
ಎರಡನೇ ಸಲ, ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಎರ್ಮೆಲಿಂದಾ
ಕಡ ಕೊಟ್ಟ ಅತ್ತರು ಹಚ್ಚಿಕೊಂಡು.
ಇವತ್ತು ಪಾಳಿ ಮುಗಿಸಿ ನೇರ ಬಂದಿದ್ದೇನೆ.
ಏಪ್ರನ್ ಮಾತ್ರ ಬಿಚ್ಚಿ ಚೀಲಕ್ಕೆ ಹಾಕಿದ್ದೇನೆ.
ಬೂಟಿನಂಚಿಗೆ ಬೂತಾಯಿಯ ಹುರುಪೆಯೊಂದು
ಅಂಟಿಕೊಂಡು ಇನ್ನೂ ಹೊಳೆಯುತ್ತಿದೆ.

ಪಕ್ಕದಲ್ಲಿ ಅನ್ಸೆಲ್ಮು.
ಕಡಲ ಮೇಲೆ ಗಾಳಿಯನ್ನೇ ಬೈದು ತಿರುಗಿಸಬಲ್ಲವನು,
ಇಲ್ಲಿ ಮಂಡಿಯ ಮೇಲಿನ ಟೋಪಿಯ ಹೊಲಿಗೆ ಎಣಿಸುತ್ತಿದ್ದಾನೆ.

ಗ್ರಾಸಿಯೆತ್ ಮೇಡಂ ಫೈಲು ಬಿಚ್ಚುತ್ತಾರೆ.
ಹತ್ತು ವರ್ಷದ ಹುಡುಗನ ಹೆಸರಿಗೊಂದು ಫೈಲು.
ಮೊನ್ನೆಗಿಂತ ದಪ್ಪವಾಗಿದೆ.
ಮಾತಾಡಿದ್ದೇವೆ, ಎಂದು ಬರೆದಿದೆ, ತಾರೀಖಿನ ಸಮೇತ.
ಮತ್ತೆ ಮಾತಾಡಿದ್ದೇವೆ, ಎಂದು ಬರೆದಿದೆ.
ಯಾರ ಜೊತೆ ಎಂದು ಬರೆದಿಲ್ಲ.

ಮಕ್ಕಳಾಟ ಕಣಮ್ಮಾ, ಎನ್ನುತ್ತಾರೆ.

ಆಟ ನನಗೂ ಗೊತ್ತು ಮೇಡಂ.
ಪೆನೀಶಿನ ಇದೇ ಕೋಟೆಗೋಡೆಗೆ ಹಣೆಯೊತ್ತಿ
ಐವತ್ತರವರೆಗೆ ಎಣಿಸಿದವಳು ನಾನು.
ಆಟವೆಂದರೆ ಪಾಳಿ ಬದಲಾಗಬೇಕು.
ಇವತ್ತಿನ ಕಳ್ಳ ನಾಳೆ ಅಡಗಿಕೊಳ್ಳಬೇಕು.
ನನ್ನ ತೆಲ್ಮು ಸೆಪ್ಟೆಂಬರಿನಿಂದ ಕಳ್ಳ.
ಈಗ ಮೇ.

ಅಡಗುವವನೂ ಅವನೇ.
ಊಟದ ಹೊತ್ತಿಗೆ ಮೂರನೇ ಪಾಯಖಾನೆಯಲ್ಲಿ,
ಬಾಗಿಲ ಕೆಳಗಿನ ಸಂದಿಯಲ್ಲಿ ಬೂಟು ಕಾಣದ ಹಾಗೆ
ಕಾಲು ಮಡಚಿ ಎದೆಗೊತ್ತಿಕೊಂಡು.
ಇದನ್ನು ಅವನು ಹೇಳಲಿಲ್ಲ.
ನಿಮ್ಮಲ್ಲಿ ನೆಲ ಒರೆಸುವ ಹೆಂಗಸು ಹೇಳಿದಳು,
ಬ್ರೆಡ್ಡಿನಂಗಡಿಯ ಸಾಲಿನಲ್ಲಿ, ಚಿಲ್ಲರೆ ಎಣಿಸುತ್ತ,
ನನ್ನ ಮುಖ ನೋಡದೆ.

ಮನೆಯಲ್ಲಿ ನಿಂಬೆಹಣ್ಣು ಮಾಯವಾಗುತ್ತಿದ್ದವು.
ಡಬ್ಬಿಗೆ ಮೀನು ತುಂಬಿ ಬಂದ ಕೈಯನ್ನು
ನಾನು ಉಜ್ಜುವುದು ನಿಂಬೆಹೋಳಿನಲ್ಲಿ;
ಅದನ್ನು ನೋಡುತ್ತ ಬೆಳೆದವನು.
ಫೆಬ್ರವರಿಯ ಒಂದು ರಾತ್ರಿ ಅಂಗಿ ಬಿಚ್ಚಿಸಿದೆ.
ಕುತ್ತಿಗೆ, ಕಂಕುಳು, ಕಿವಿಯ ಹಿಂದೆ
ತೊಗಲು ಬಿರಿದು ಹಸಿಯಾಗಿತ್ತು.
ಅವನು ಮೀನು ಮುಟ್ಟಿದವನೇ ಅಲ್ಲ ಮೇಡಂ.
ನನ್ನನ್ನು ಮುಟ್ಟಿದವನು, ಅಷ್ಟೇ.

ಈಗ ಬಾಗಿಲಿಗೆ ಓಡಿಬಂದು ತಬ್ಬಿಕೊಳ್ಳುವುದಿಲ್ಲ.
ದೂರದಿಂದ ಕೈ ಬೀಸುತ್ತಾನೆ,
ಹಡಗು ಹತ್ತಿ ಹೊರಟವರ ಹಾಗೆ.

ಮೇಡಂ ತಲೆಯಾಡಿಸುತ್ತಾರೆ. ಕೆಟ್ಟವರಲ್ಲ.
ಸಮಿತಿ ಎನ್ನುತ್ತಾರೆ,
ಬರುವ ವರ್ಷ ಗೋಡೆಗೊಂದು ಭಿತ್ತಿಚಿತ್ರ ಎನ್ನುತ್ತಾರೆ,
ಹುಡುಗನೂ ಸ್ವಲ್ಪ ಗಟ್ಟಿಯಾಗಬೇಕು ನೋಡಿ ಎನ್ನುತ್ತಾರೆ,
ಎನ್ನುತ್ತಲೇ ಎದ್ದು, ಮಾತು ತುಂಡಾಗದಂತೆ,
ನನ್ನ ಬೆನ್ನ ಹಿಂದಿನ ಕಿಟಕಿ ತೆರೆಯುತ್ತಾರೆ.

ಸೆಖೆಯಿಲ್ಲ.
ಹೊರಗೆ ಬೆಳಗಿನಿಂದ ಮಂಜು, ಬಡಗಣ ಗಾಳಿ.

ಅವರಿಗೆ ಗೊತ್ತಿಲ್ಲ ತಾನೇನು ಮಾಡಿದೆನೆಂದು.
ಅವರ ಕೈಗೆ ಗೊತ್ತಿದೆ.

ಅನ್ಸೆಲ್ಮು ಏಳುತ್ತಾನೆ.
ತೋಳು ಹಿಡಿಯುತ್ತೇನೆ, ಬಿಡಿಸಿಕೊಳ್ಳುತ್ತಾನೆ.
ಹೊಡೆಯುವುದಿಲ್ಲ. ಕಿಟಕಿ ಮುಚ್ಚುತ್ತಾನೆ,
ದೋಣಿಯಲ್ಲಿ ಮುಚ್ಚುವ ಹಾಗೆ, ಹೆಬ್ಬೆರಳಿಂದ ಒತ್ತಿ ಚಿಲಕ ಹಾಕಿ.
ಮರಳಿ ಬಂದು ಟೋಪಿಯನ್ನು
ಆ ಫೈಲಿನ ಮೇಲೆಯೇ ಇಡುತ್ತಾನೆ.
ಕೂತ್ಕೊಳ್ಳಿ ಮೇಡಂ, ಎನ್ನುತ್ತಾನೆ,
ರಾತ್ರಿ ದೋಣಿ ಹೊರಡುವ ತನಕ ನನಗೆ ಕೆಲಸವಿಲ್ಲ.

ಮೂವರೂ ಕೂತಿದ್ದೇವೆ.
ಕೋಣೆ ಮೆಲ್ಲಗೆ ತುಂಬಿಕೊಳ್ಳುತ್ತದೆ:
ಉಪ್ಪು, ಎಣ್ಣೆ, ತುಕ್ಕು, ಬೆಂದ ಬೂತಾಯಿ,
ನಮ್ಮ ಬಾಡಿಗೆ, ನಮ್ಮ ಬ್ರೆಡ್ಡು, ಅವನ ಪೆನ್ಸಿಲು.
ಮೇಡಂ ಕೈ ಮೂಗಿನತ್ತ ಏಳುತ್ತದೆ,
ನಡುವೆ ನಿಲ್ಲುತ್ತದೆ,
ಎಲ್ಲಿಡಬೇಕೆಂದು ತಿಳಿಯದೆ ಅಲ್ಲೇ ನಿಂತಿರುತ್ತದೆ.

ಆಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ,
ಪೆನ್ನು ತೆಗೆದು ಕೇಳುತ್ತಾರೆ:
ಆ ಹುಡುಗರ ಹೆಸರೇನು?

ಐದು ಹೆಸರು.
ಮೂರು ಸಲೀಸಾಗಿ ಹೇಳಿದೆ.
ನಾಲ್ಕನೆಯದಕ್ಕೆ ನಾಲಗೆ ಒಣಗುತ್ತದೆ:
ಅತ್ತರು ಕಡ ಕೊಟ್ಟವಳ ಮಗ.